ಜಿಮ್ ಆಮೇಲೆ, ಮೊದಲು ಗೊರಕೆ

ಓದುಗರ ಪ್ರಶ್ನೆ: ನನಗೆ 47 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ. ಬೆಳಿಗ್ಗೆ ಏಳಕ್ಕೆ ರೈಲಿಗೆ ಹೊರಟರೆ ರಾತ್ರಿ ಎಂಟಕ್ಕೆ ವಾಪಸ್ಸು. ಊಟ ಹತ್ತೂವರೆಗೆ. ಭಾನುವಾರ ಊರಿಗೆ ಹೋಗಿ ಅಪ್ಪನ ಜೊತೆ ಕಬ್ಬಿನ ಗದ್ದೆ ನೋಡಬೇಕು. ಕಾರ್ಖಾನೆಯ ತಪಾಸಣೆಯಲ್ಲಿ ಬಿಪಿ 150/96, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 7.1 ಎಂದು ಬಂದಿದೆ. ಎತ್ತರ 170 ಸೆಂ.ಮೀ., ತೂಕ 86 ಕಿಲೋ, ಸೊಂಟ 41 ಇಂಚು. ವರ್ಷದ ಶುಲ್ಕ ಕಟ್ಟಿ ಜಿಮ್‌ಗೆ ಸೇರಿದೆ, ಹನ್ನೆರಡು ದಿನಕ್ಕೆ ನಿಂತಿತು. ನನಗಿಂತ ಹದಿನೈದು ವರ್ಷ ಚಿಕ್ಕವರು ಈಗ ನನ್ನ ಮೇಲಧಿಕಾರಿ. ಲೆಕ್ಕದಲ್ಲಿ ತಪ್ಪುಗಳಾಗುತ್ತಿವೆ, ರಾಜೀನಾಮೆ ಕೊಡಬೇಕು ಅನ್ನಿಸುತ್ತದೆ. ಮಗ ಎರಡನೇ ಪಿಯುಸಿ, ನಾನು ಮನೆಗೆ ಬಂದ ತಕ್ಷಣ ಕೋಣೆ ಸೇರುತ್ತಾನೆ. ನನ್ನ ಗೊರಕೆ ತಾಳಲಾರದೆ ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ದಾಂಪತ್ಯದಲ್ಲೂ ಮೊದಲಿನಂತಿಲ್ಲ, ಹೆಚ್ಚು ಬರೆಯಲು ಸಂಕೋಚ. ಅನ್ನ ಬಿಟ್ಟು ಮುದ್ದೆ ತಿಂದರೆ ಶುಗರ್ ಇಳಿಯುತ್ತದೆ ಎನ್ನುತ್ತಾರೆ, ನಿಜವೇ? ಎಲ್ಲವನ್ನೂ ಸರಿ ಮಾಡಿಕೊಳ್ಳಬೇಕು. ಯಾವ ವ್ಯಾಯಾಮದಿಂದ ಶುರು ಮಾಡಲಿ?

ಉತ್ತರ:

ನಿಮ್ಮ ಪತ್ರವನ್ನು ಮೇಲೆ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಮೂಲದಲ್ಲಿ ಜಿಮ್ ಬಗ್ಗೆ ಒಂದು ಪುಟವೇ ಇತ್ತು: ಯಾವ ಯಂತ್ರ, ಎಷ್ಟು ಹೊತ್ತು, ತರಬೇತುದಾರ ಹೇಳಿದ್ದೇನು. ಗೊರಕೆಯ ಬಗ್ಗೆ ಒಂದೇ ಸಾಲು, ಅದೂ ಹೆಂಡತಿಯ ದೂರಿನ ರೂಪದಲ್ಲಿ. ಮೂವತ್ತು ವರ್ಷ ರೋಗಿಗಳ ಮಾತು ಕೇಳಿಕೊಂಡು ಕುಳಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಅವರು ಎಲ್ಲಿ ಅವಸರದಲ್ಲಿ ದಾಟಿ ಹೋಗುತ್ತಾರೋ ನಾವು ಅಲ್ಲೇ ನಿಲ್ಲುತ್ತೇವೆ. ಆದ್ದರಿಂದ ಗೊರಕೆಯಿಂದಲೇ ಶುರು ಮಾಡೋಣ.

ಇವತ್ತು ರಾತ್ರಿ ನಿಮ್ಮ ಮನೆಯವರಿಗೆ ಒಂದು ಕೆಲಸ ಹೇಳಿ. ಗೊರಕೆಯ ಸದ್ದನ್ನಲ್ಲ, ಸದ್ದು ನಿಲ್ಲುವುದನ್ನು ಗಮನಿಸಲಿ. ಜೋರಾಗಿ ಗೊರೆಯುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗುತ್ತೀರಾ? ಹತ್ತು, ಹದಿನೈದು, ಇಪ್ಪತ್ತು ಸೆಕೆಂಡು ಉಸಿರಿಲ್ಲದೆ, ಆಮೇಲೆ ನೀರಿನಿಂದ ಮೇಲೆದ್ದವರಂತೆ ಏದುಸಿರು ಬಿಟ್ಟು ಮತ್ತೆ ಗೊರಕೆಗೆ ಇಳಿಯುತ್ತೀರಾ? ಅದನ್ನು ಮೊಬೈಲ್‌ನಲ್ಲಿ ಐದು ನಿಮಿಷ ಚಿತ್ರೀಕರಿಸಲಿ. ಬೆಳಿಗ್ಗೆ ಬಾಯಿ ಒಣಗಿರುತ್ತದೆಯೇ, ತಲೆ ಭಾರವೇ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತೀರಾ ಎಂಬುದನ್ನು ನೀವೇ ಬರೆದಿಡಿ. ಸಂಜೆ ಮೈಸೂರಿನಲ್ಲಿ ರೈಲು ಹತ್ತಿ ಸೀಟು ಸಿಕ್ಕಿದರೆ ಶ್ರೀರಂಗಪಟ್ಟಣದ ಸೇತುವೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತೀರಾ? ಪಕ್ಕದವರು ಎಬ್ಬಿಸದಿದ್ದರೆ ಮಂಡ್ಯ ದಾಟಿ ಹೋಗುತ್ತೀರಾ? ಇವುಗಳಲ್ಲಿ ಎರಡು ಮೂರಕ್ಕೆ ಹೌದು ಎಂದಾದರೆ ನಿಮಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇರುವ ಸಾಧ್ಯತೆ ಬಲವಾಗಿದೆ.

ಅಲ್ಲಿ ನಡೆಯುವುದು ಇಷ್ಟು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕತ್ತಿನ ಸುತ್ತ ಕೊಬ್ಬು ಸೇರಿದವರಲ್ಲಿ ಗಾಳಿಯ ದಾರಿ ಪೂರ್ತಿ ಮುಚ್ಚಿಕೊಳ್ಳಬಹುದು. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಆದರೆ ನಿಮಗೆ ನೆನಪು ಉಳಿಯುವಷ್ಟು ಅಲ್ಲ. ಪ್ರತಿ ಸಲವೂ ಅಡ್ರಿನಲಿನ್ ಉಕ್ಕುತ್ತದೆ, ಹೃದಯ ಓಡುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದಿಲ್ಲ. ಇದೇ ಒತ್ತಡದ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡ ಬರುತ್ತವೆ. ಮರುದಿನ ಹಸಿವು ಜಾಸ್ತಿ, ತಾಳ್ಮೆ ಕಡಿಮೆ, ಲೆಕ್ಕದಲ್ಲಿ ತಪ್ಪು. ನೀವು ಬೇರೆ ಬೇರೆ ಎಂದು ಪಟ್ಟಿ ಮಾಡಿದ ಸಂಕಟಗಳಲ್ಲಿ ಎಷ್ಟು ಈ ಒಂದೇ ಹಾಸಿಗೆಯಿಂದ ಏಳುತ್ತಿವೆ ನೋಡಿ. ಎಲ್ಲವೂ ಅಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಎಂದೇ ನನ್ನ ಅಂದಾಜು.

ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. 2014ರಲ್ಲಿ, ನನಗೆ 46 ಆಗಿದ್ದಾಗ, ಮದುವೆಯೊಂದರಿಂದ ವಾಪಸ್ಸು ಬರುತ್ತಾ ಶ್ರೀರಂಗಪಟ್ಟಣ ದಾಟಿದ ಮೇಲೆ ಸ್ಟೀರಿಂಗ್ ಹಿಡಿದುಕೊಂಡೇ ಕಣ್ಣು ಮುಚ್ಚಿಬಿಟ್ಟೆ. ಎಡಗಡೆಯ ಚಕ್ರ ಮಣ್ಣಿಗೆ ಇಳಿದ ಸದ್ದಿಗೆ ಎಚ್ಚರವಾಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೂಗಲಿಲ್ಲ, ಬೈಯಲಿಲ್ಲ. ಮನೆಗೆ ಬಂದ ಮೇಲೆ, ‘ನಿಮ್ಮ ರೋಗಿಯಾಗಿದ್ದರೆ ಏನು ಹೇಳುತ್ತಿದ್ದಿರಿ?’ ಎಂದು ಕೇಳಿದಳು. ಪರೀಕ್ಷೆಯಲ್ಲಿ ಗಂಟೆಗೆ 38 ಸಲ ಉಸಿರು ನಿಲ್ಲುತ್ತಿತ್ತು. ಐದಕ್ಕಿಂತ ಕಡಿಮೆಯಿದ್ದರೆ ಸಹಜ, ಮೂವತ್ತು ದಾಟಿದರೆ ತೀವ್ರ. ಮೂಗಿಗೆ ಮುಖವಾಡ ಕಟ್ಟಿ ಗಾಳಿ ತಳ್ಳುವ ಸಿಪ್ಯಾಪ್ ಯಂತ್ರ ಮನೆಗೆ ಬಂತು. ಆ ಕೊಳವೆ ನೋಡಿ ಮಗಳು ಸೊಂಡಿಲು ಎಂದಳು. ಆಗ ದಸರೆಯಲ್ಲಿ ಅಂಬಾರಿ ಹೊರುತ್ತಿದ್ದವನು ಅರ್ಜುನ, ನನಗೂ ಅದೇ ಹೆಸರಾಯಿತು. ಮೊದಲ ವಾರ ಅದನ್ನು ಕಿತ್ತು ಎಸೆಯಬೇಕು ಅನ್ನಿಸಿದ್ದು ನಿಜ. ಮೂರನೇ ವಾರದ ಒಂದು ಬೆಳಿಗ್ಗೆ, ಎಷ್ಟೋ ವರ್ಷಗಳ ನಂತರ, ತಲೆ ಹಗುರವಾಗಿ ಎದ್ದೆ.

ಪರೀಕ್ಷೆಗೆ ಈಗ ಆಸ್ಪತ್ರೆಯಲ್ಲಿ ಮಲಗಲೇಬೇಕೆಂದಿಲ್ಲ. ಅನೇಕರಿಗೆ ಮನೆಯಲ್ಲೇ ಒಂದು ರಾತ್ರಿ ಬೆರಳಿಗೆ, ಮೂಗಿಗೆ, ಎದೆಗೆ ಸಣ್ಣ ಉಪಕರಣ ಕಟ್ಟಿಕೊಂಡು ಮಾಡಬಹುದು. ಮೈಸೂರಿನ ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲೋ ಕಿವಿ-ಮೂಗು-ಗಂಟಲು ವಿಭಾಗದಲ್ಲೋ ವಿಚಾರಿಸಿ. ಅಲ್ಲಿಯವರೆಗೆ ಅಂಗಾತ ಮಲಗಬೇಡಿ. ಹಳೆಯ ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿಸಿ ಅದರಲ್ಲಿ ಟೆನಿಸ್ ಚೆಂಡು ಹಾಕಿಕೊಳ್ಳಿ, ಮಗ್ಗುಲು ತಾನಾಗಿ ತಿರುಗುತ್ತದೆ. ಶನಿವಾರದ ಎರಡು ಪೆಗ್ ಬಗ್ಗೆ ನೀವು ಬರೆದಿಲ್ಲ, ಇದ್ದರೆ ಅದನ್ನು ನಿಲ್ಲಿಸಿ; ಮದ್ಯ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನಂತೂ ಸ್ನೇಹಿತರ ಮಾತು ಕೇಳಿ ನುಂಗಬೇಡಿ. ಬೈಕು, ಕಾರು ಓಡಿಸುವಾಗ ತೂಕಡಿಕೆ ಬಂದರೆ ನಿಲ್ಲಿಸಿ ಇಳಿಯಿರಿ.

ಈಗ ನಿಮ್ಮ ಅಂಕಿಗಳು. ಎಚ್‌ಬಿಎ1ಸಿ 6.5 ಮತ್ತು ಅದಕ್ಕಿಂತ ಮೇಲೆ ಮಧುಮೇಹ, 5.7ರಿಂದ 6.4 ಅದರ ಹೊಸ್ತಿಲು. ನೀವು ಹೊಸ್ತಿಲು ದಾಟಿ ಒಳಗೆ ಬಂದಿದ್ದೀರಿ. ಆದರೂ ಖಾಲಿ ಹೊಟ್ಟೆಯ ಸಕ್ಕರೆಯೊಂದಿಗೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ. ಬಿಪಿಯನ್ನು ಒಂದೇ ಸಲದ ಅಂಕಿಯಿಂದ ತೀರ್ಮಾನಿಸಬಾರದು. ಕಾರ್ಖಾನೆಯ ಶಿಬಿರದಲ್ಲಿ ಸಾಲಿನಲ್ಲಿ ನಿಂತು, ಟೀ ಕುಡಿದು, ಮಾತನಾಡುತ್ತಾ ತೋಳು ಚಾಚಿದ್ದರೆ ಹತ್ತು ಹದಿನೈದು ಅಂಕಿ ಹೆಚ್ಚೇ ಬರುತ್ತದೆ. ತೋಳಿಗೆ ಕಟ್ಟುವ ಯಂತ್ರವೊಂದನ್ನು ಕೊಳ್ಳಿ, ಮಣಿಕಟ್ಟಿನದು ಬೇಡ. ಮೂತ್ರ ವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ನೋಡಿ. ಮನೆಯ ಸರಾಸರಿ 135/85 ದಾಟಿದರೆ ಅದು ಬಿಪಿಯೇ. ವೈದ್ಯರು ಮಾತ್ರೆ ಬರೆದರೆ ತೆಗೆದುಕೊಳ್ಳಿ. ‘ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ’ ಎಂದು ಹೆದರಿ ಮುಂದೂಡುವವರನ್ನು ನಾನು ಆಮೇಲೆ ಪಾರ್ಶ್ವವಾಯುವಿನಲ್ಲೋ ಡಯಾಲಿಸಿಸ್‌ನಲ್ಲೋ ನೋಡುತ್ತೇನೆ. ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್, ಕಣ್ಣಿನ ಅಕ್ಷಿಪಟ: ಇವಿಷ್ಟನ್ನು ಈ ತಿಂಗಳೇ ಮುಗಿಸಿ. ಕೈ ಬಿಗಿಯಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ಗೆ ಹೋಗಿ, ಬಿಪಿ ಮತ್ತು ಶುಗರ್ ನೋಡುವುದು ಅಲ್ಲಿ ನಿತ್ಯದ ಕೆಲಸ.

ತೂಕದ ವಿಷಯಕ್ಕೆ, ನಮ್ಮ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚಿನೊಳಗೆ ಇರಬೇಕು. ನಿಮಗೆ ಐದೂವರೆ ಇಂಚು ಹೆಚ್ಚಿದೆ. ಮೂವತ್ತೈದರ ಗುರಿ ಈಗ ಮರೆತುಬಿಡಿ. ಮೊದಲು ಐದು ಕಿಲೋ. ಅಷ್ಟಕ್ಕೇ ಬಿಪಿ, ಶುಗರ್, ಗೊರಕೆ ಮೂರೂ ಅಲುಗುತ್ತವೆ. ಮಧುಮೇಹ ಶುರುವಾದ ಮೊದಲ ವರ್ಷಗಳಲ್ಲೇ ಹತ್ತು ಹದಿನೈದು ಕಿಲೋ ಇಳಿಸಿದವರಲ್ಲಿ ಹಲವರಿಗೆ ಮಾತ್ರೆಯಿಲ್ಲದೆಯೂ ಸಕ್ಕರೆ ಹತೋಟಿಗೆ ಬಂದದ್ದಿದೆ.

ಮುದ್ದೆಯ ಪ್ರಶ್ನೆಗೆ ಮಂಡ್ಯದವರಿಗೆ ಉತ್ತರ ಹೇಳುವಾಗ ಸ್ವಲ್ಪ ದೂರ ನಿಂತೇ ಹೇಳಬೇಕು. ರಾಗಿ ಒಳ್ಳೆಯ ಧಾನ್ಯ. ನಾರಿದೆ, ನೂರು ಗ್ರಾಂನಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪಿಷ್ಟದಲ್ಲಿ ಅದು ಅಕ್ಕಿಯ ತಮ್ಮನೇ: ನೂರು ಗ್ರಾಂ ಹಿಟ್ಟಿನಲ್ಲಿ ಎಪ್ಪತ್ತು ಗ್ರಾಂ ಆಸುಪಾಸು. ಒಂದು ದಿನ ನಮ್ಮ ಮನೆಯಲ್ಲಿ ತಕ್ಕಡಿ ಇಟ್ಟು ತೂಗಿದೆವು. ಮಧ್ಯಮ ಗಾತ್ರದ ಒಂದು ಮುದ್ದೆಗೆ 90 ಗ್ರಾಂ ಹಿಟ್ಟು ಹೋಯಿತು. ಅದರಲ್ಲಿರುವ ಪಿಷ್ಟ, 80 ಗ್ರಾಂ ಅಕ್ಕಿಯ ಅನ್ನದಲ್ಲಿ ಇರುವಷ್ಟೇ. ನಿಮ್ಮ ತಾತ ಎರಡು ಮುದ್ದೆ ಉಂಡು ನಾಲೆಯ ನೀರು ಕಟ್ಟಲು ಹೋಗುತ್ತಿದ್ದರು. ನೀವು ಎರಡು ಮುದ್ದೆ, ಅದರ ಮೇಲೆ ಒಂದು ಸೌಟು ಅನ್ನ, ಮಜ್ಜಿಗೆಗೆಂದು ಇನ್ನೊಂದು ಸೌಟು ಉಂಡು ಹನ್ನೊಂದಕ್ಕೆ ಮಲಗುತ್ತೀರಿ.

ಹಾಗಾಗಿ ಒಂದು ಚಿಕ್ಕ ಮುದ್ದೆ, ಅನ್ನ ಬೇಡ. ತಟ್ಟೆಯ ಅರ್ಧ ಸೊಪ್ಪು ತರಕಾರಿ ತುಂಬಲಿ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು ಕಾಳಿನ ಪಲ್ಯವನ್ನು ಮೊದಲು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ. ಸೊಪ್ಪು, ಕಾಳು, ಮೊಟ್ಟೆ, ಕೋಳಿ ಮೊದಲು ಹೊಟ್ಟೆಗೆ ಇಳಿದರೆ ಆಮೇಲಿನ ಪಿಷ್ಟದಿಂದ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಮೊಳಕೆ ಹುರುಳಿಯ ಸಾರು, ಹಿತ್ಕಬೇಳೆ, ನಾಟಿಕೋಳಿ, ಯಾವುದಕ್ಕೂ ನನ್ನ ಅಡ್ಡಿಯಿಲ್ಲ. ಉಪ್ಸಾರಿನ ಖಾರ, ಉಪ್ಪಿನಕಾಯಿ, ಹಪ್ಪಳಕ್ಕೆ ಅಡ್ಡಿಯಿದೆ. ಇಡೀ ದಿನಕ್ಕೆ ಉಪ್ಪು ಐದು ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ. ಆಲೆಮನೆಯಿಂದ ಬಂದ ಬೆಲ್ಲವಾದರೂ ಬೆಲ್ಲ ಸಕ್ಕರೆಯೇ. ಇದನ್ನು ಹೇಳಿದ್ದಕ್ಕೆ ನಿಮ್ಮ ಜಿಲ್ಲೆಯ ರೋಗಿಯೊಬ್ಬರು ಮತ್ತೆ ನನ್ನ ಕ್ಲಿನಿಕ್ ಕಡೆ ಬರಲಿಲ್ಲ.

ಎಷ್ಟು ತಿನ್ನುತ್ತೀರಿ ಎಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹತ್ತೂವರೆಯ ಊಟ. ಎಂಟಕ್ಕೆ ಮನೆ ಸೇರಿದವರಿಗೆ ಎರಡೂವರೆ ಗಂಟೆ ಏನು ಕೆಲಸ? ನೀವು ಬರೆದಿಲ್ಲ, ನಾನು ಊಹಿಸುತ್ತೇನೆ. ಕಾಫಿ, ದಾರಿಯಲ್ಲಿ ಕಟ್ಟಿಸಿಕೊಂಡು ಬಂದ ಬೋಂಡ, ಸೋಫಾ, ಮೊಬೈಲ್. ಅಷ್ಟೂ ಹೊತ್ತು ನಿಮ್ಮ ಮನೆಯವರು ಅಡುಗೆಮನೆಯಲ್ಲಿ. ನಿಮಗೆ ಬಡಿಸಿ ಅವರು ಉಣ್ಣುವುದು ಹನ್ನೊಂದಕ್ಕೆ, ಪಾತ್ರೆ ಮುಗಿಸಿ ಮಲಗುವುದು ಹನ್ನೆರಡಕ್ಕೆ. ಊಟವನ್ನು ಎಂಟೂಮುಕ್ಕಾಲಿಗೆ ತನ್ನಿ ಎಂದು ನಾನು ಹೇಳಿ, ನೀವು ಅದನ್ನು ಅವರಿಗೆ ಆಜ್ಞೆಯಾಗಿ ದಾಟಿಸಿದರೆ ಕೆಲಸ ಕೆಡುತ್ತದೆ. ಬರುವಾಗ ದಾರಿಯಲ್ಲಿ ಎರಡು ಕಟ್ಟು ದಂಟಿನ ಸೊಪ್ಪು ಹಿಡಿದುಕೊಂಡು ಬನ್ನಿ. ಕೈಕಾಲು ತೊಳೆದು ಅಡುಗೆಮನೆಯ ನೆಲದ ಮೇಲೆ ಕುಳಿತು ನೀವೇ ಬಿಡಿಸಿ. ದಂಟಿನ ನಾರು ಉಗುರಿನಿಂದ ಎಳೆದು, ಎಲೆ ಬೇರೆ, ಕಡ್ಡಿ ಬೇರೆ, ಹುಳ ತಿಂದದ್ದು ಪಕ್ಕಕ್ಕೆ. ಹದಿನೈದು ನಿಮಿಷದ ಕೆಲಸ, ಎರಡೂ ಕೈಗೆ ಕೆಲಸವಿರುವುದರಿಂದ ಮೊಬೈಲ್ ಹಿಡಿಯಲಾಗುವುದಿಲ್ಲ. ಬಿಡಿಸಿದ್ದನ್ನು ಮಾರನೆಯ ದಿನಕ್ಕೆ ಎತ್ತಿಡಿ. ಮೂರು ನಾಲ್ಕು ದಿನ ಅವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಆಮೇಲೆ ಮಾತು ಬರುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆಯವರ ಬಿಪಿ ಎಷ್ಟು? ಹಿಮೋಗ್ಲೋಬಿನ್? ನಿಮ್ಮ ಒಂದೊಂದು ಅಂಕಿಯೂ ಪತ್ರದಲ್ಲಿದೆ, ಅವರದು ಒಂದೂ ಇಲ್ಲ. ಅದೇ ವಯಸ್ಸಿನ ಹೆಂಗಸಿಗೆ ಕಾರ್ಖಾನೆಯ ಶಿಬಿರವೂ ಇರುವುದಿಲ್ಲ. ವೈದ್ಯರ ಬಳಿ ಇಬ್ಬರೂ ಒಟ್ಟಿಗೆ ಹೋಗಿ, ಇಬ್ಬರ ರಕ್ತವನ್ನೂ ಕೊಟ್ಟು ಬನ್ನಿ. ನಿಮ್ಮ ರಾತ್ರಿಯ ಕಥೆ ಹೇಳಲು ಅವರಿಗಿಂತ ಒಳ್ಳೆಯ ಸಾಕ್ಷಿಯೂ ಸಿಗುವುದಿಲ್ಲ.

ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಬೆಳಗಿನ ಮುಕ್ಕಾಲು ಗಂಟೆಯ ವಾಕಿಂಗ್‌ಗೆ ನಿಮಗೆ ಸಮಯವಿಲ್ಲ, ಅದಕ್ಕೆ ಪಶ್ಚಾತ್ತಾಪವೂ ಬೇಡ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಎಂಬುದು ಲೆಕ್ಕ. ರಾತ್ರಿಯ ಹದಿನೈದು, ರೈಲು ನಿಲ್ದಾಣದಿಂದ ಕಾರ್ಖಾನೆಯ ದಾರಿಯಲ್ಲಿ ಒಂದು ನಿಲ್ದಾಣ ಮೊದಲೇ ಬಸ್ ಇಳಿದರೆ ಹತ್ತು, ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಹತ್ತು ಹತ್ತರಂತೆ ಮೂರು ಸುತ್ತು. ಸ್ನಾಯು ಹೆಚ್ಚಿದಷ್ಟೂ ಉಂಡ ಸಕ್ಕರೆಗೆ ಉಗ್ರಾಣ ದೊಡ್ಡದಾಗುತ್ತದೆ. ಸ್ಟೋರ್ಸ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷವಿಡೀ ಕುಳಿತಿದ್ದು ಆಷಾಢ ಶುಕ್ರವಾರ ಮಾತ್ರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುವ ಗಂಡಸರ ಭಕ್ತಿಯನ್ನು ನಾನು ಪ್ರಶ್ನಿಸುವುದಿಲ್ಲ, ಅವರ ಮಂಡಿ ಮತ್ತು ಹೃದಯದ ಪರವಾಗಿ ಮಾತ್ರ ಬೇಡಿಕೊಳ್ಳುತ್ತೇನೆ.

ಹೃದಯದ ಮಾತು ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ಹೋದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಿಮ್ಮ ವಯಸ್ಸಿನವರ ಸಾಲೇ ನಿಂತಿತ್ತು. ನನ್ನ ಕ್ಲಿನಿಕ್ಕಿಗೂ ಬಂದರು, ಇಸಿಜಿ ಸರಿಯಿದೆ ಎಂದಾಗ ನಗುತ್ತಾ ಹೋದರು. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ರಕ್ತನಾಳಗಳು ಸ್ವಚ್ಛವಾಗಿವೆ ಎಂದಲ್ಲ. ನಡೆದಾಗ ಎದೆ ಹಿಂಡಿದಂತಾಗಿ ನಿಂತರೆ ಕಡಿಮೆಯಾಗುವುದು, ದವಡೆಗೋ ಎಡತೋಳಿಗೋ ಹರಡುವ ನೋವು, ಕಾರಣವಿಲ್ಲದ ಬೆವರು, ಇವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅಲ್ಲಿ ಲೆಕ್ಕವಿರುವುದು ನಿಮಿಷಗಳದ್ದು.

ನೀವು ಸಂಕೋಚಪಟ್ಟ ವಿಷಯವೂ ಇದಕ್ಕೇ ಸೇರಿದ್ದು. ಜನನಾಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಶುಗರ್, ಬಿಪಿ, ಸಿಗರೇಟು ನಾಳಗಳನ್ನು ಕೆಡಿಸುವಾಗ ಅಲ್ಲಿ ಮೊದಲು ಗೊತ್ತಾಗುತ್ತದೆ, ಎಷ್ಟೋ ಜನರಲ್ಲಿ ಹೃದಯದ ತೊಂದರೆ ಕಾಣಿಸಿಕೊಳ್ಳುವ ಕೆಲವು ವರ್ಷ ಮೊದಲೇ. ಕಡಿದು ಹೋಗುವ ನಿದ್ದೆಯೂ, ಮನಸ್ಸಿನ ಕೊರಗೂ ಇದಕ್ಕೆ ಕೈಜೋಡಿಸುತ್ತವೆ. ಆದ್ದರಿಂದ ಇದು ನಾಚಿಕೆಯ ವಿಷಯವಲ್ಲ, ಮುಂಚಿತವಾಗಿ ಬಂದ ನೋಟಿಸು. ವೈದ್ಯರಿಗೆ ಬಾಯಿಬಿಟ್ಟು ಹೇಳಿ. ರೈಲು ಹಳಿಯ ಪಕ್ಕದ ಗೋಡೆ ಬರಹ ನಂಬಿ ಪುಡಿ ಕೊಳ್ಳಬೇಡಿ, ಅಂಗಡಿಯಿಂದ ನೇರವಾಗಿ ಮಾತ್ರೆಯನ್ನೂ ತರಬೇಡಿ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಯ ಜೊತೆ ಅವು ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಕೆಲಸದ ಬಗ್ಗೆ ನನಗೆ ಹೆಚ್ಚು ಹೇಳುವ ಅರ್ಹತೆಯಿಲ್ಲ. ಮೂರು ತಿಂಗಳು ರಾಜೀನಾಮೆಯ ಮಾತೆತ್ತಬೇಡಿ, ಅಷ್ಟೇ. ನಿದ್ದೆಗೆಟ್ಟ ತಲೆ ಎಲ್ಲವನ್ನೂ ಅವಮಾನವೆಂದೇ ಓದುತ್ತದೆ. ನಿದ್ದೆ ಸರಿಯಾದ ಮೇಲೂ ಆ ಮೇಲಧಿಕಾರಿ ಸಹಿಸಲಾಗದವರು ಅನ್ನಿಸಿದರೆ ಆಗ ಯೋಚಿಸಿ. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿ, ಯಾವುದರಲ್ಲೂ ರುಚಿಯಿಲ್ಲದೆ ಎರಡು ವಾರ ಕಳೆದಿದ್ದರೆ ಅದು ಬೇರೆ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ.

ಮಗನ ವಿಷಯ. ಅವನು ಕೋಣೆ ಸೇರುವುದು ನಿಮ್ಮ ಮೇಲಿನ ದ್ವೇಷದಿಂದಲ್ಲ, ಬಾಗಿಲಲ್ಲೇ ಬರುವ ‘ಟೆಸ್ಟ್‌ನಲ್ಲಿ ಎಷ್ಟು ಬಂತು?’ ಎಂಬ ಪ್ರಶ್ನೆಗೆ ಹೆದರಿ. ಹದಿನೇಳರ ಹುಡುಗರು ಎದುರುಬದುರು ಕೂರಿಸಿದರೆ ಬಾಯಿ ಬಿಡುವುದಿಲ್ಲ, ಪಕ್ಕಪಕ್ಕದಲ್ಲಿ ನಡೆದರೆ ಬಿಡುತ್ತಾರೆ. ರಾತ್ರಿಯ ನಡಿಗೆಗೆ ಕರೆಯಿರಿ. ಬರುವುದಿಲ್ಲ ಎಂದರೆ ಗಂಡ ಹೆಂಡತಿ ನೀವಿಬ್ಬರೇ ಹೋಗಿ, ನಾಲ್ಕು ದಿನ ಬಿಟ್ಟು ಮತ್ತೆ ಕರೆಯಿರಿ. ಬಂದ ದಿನ ಅಂಕದ ಸುದ್ದಿ ಬೇಡ, ಭವಿಷ್ಯದ ಸುದ್ದಿ ಬೇಡ, ನಿಮ್ಮ ಕಾಲದಲ್ಲಿ ನೀವು ಪಟ್ಟ ಕಷ್ಟವಂತೂ ಬೇಡವೇ ಬೇಡ. ತಿಂಗಳಿಗೊಂದು ಭಾನುವಾರ ಊರಿಗೆ ಅವನನ್ನೂ ಕರೆದುಕೊಂಡು ಹೋಗಿ ತಾತನ ಜೊತೆ ಗದ್ದೆಗೆ ಬಿಡಿ. ನಿಮ್ಮಿಬ್ಬರಿಂದ ಆಗದ ಮಾತು ಅವರಿಬ್ಬರಿಂದ ಶುರುವಾದರೆ ಅಡ್ಡ ಹೋಗಬೇಡಿ.

ಎಚ್‌ಬಿಎ1ಸಿಯನ್ನು ಮತ್ತೆ ಮೂರು ತಿಂಗಳಿಗೆ ನೋಡಿಸಿ. ಅದು ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು; ಆ ಕಣದ ಆಯಸ್ಸು ಸುಮಾರು 120 ದಿನ, ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸಿದರೆ ದುಡ್ಡು ದಂಡ. ಜಿಮ್‌ನ ವಿಷಯ ಮರೆತಿಲ್ಲ. ವರ್ಷದ ಶುಲ್ಕ ಕಟ್ಟಿದ್ದೀರಲ್ಲ, ಅದನ್ನು ಮಗನ ಹೆಸರಿಗೆ ಬದಲಾಯಿಸಿಕೊಡುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಿ.